ಬರಮಾಡಿಕೊಳ್ಳುವುದೂ ಬೀಳ್ಕೊಡುವುದೂ

ಪ್ರತಿ ಶಾಲೆಯ ಕಚೇರಿಯಲ್ಲೂ ಒಂದು ದಪ್ಪನೆಯ ಪುಸ್ತಕವಿರುತ್ತದೆ. ಅದಕ್ಕೆ ದಾಖಲಾತಿ ಪುಸ್ತಕವೆಂದು ಹೆಸರು. ಹುಡುಗ ಯಾವ ದಿನ ಸೇರಿದ, ಅವನ ತಂದೆತಾಯಿಗಳು ಯಾರು, ಯಾವ ತರಗತಿಗೆ ಬಂದ ಎಂಬ ವಿವರಗಳೆಲ್ಲ ಒಂದು ಸಾಲಿನ ಎಡಭಾಗದಲ್ಲಿರುತ್ತವೆ. ಅದೇ ಸಾಲಿನ ಬಲಭಾಗದಲ್ಲಿ ಮೂರು ನಾಲ್ಕು ಮನೆಗಳು ಖಾಲಿಯಾಗಿರುತ್ತವೆ: ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ, ವರ್ಗಾವಣೆ ಪತ್ರದ ಸಂಖ್ಯೆ. ಹುಡುಗ ಒಳಗೆ ಕಾಲಿಟ್ಟ ದಿನವೇ ಅವನು ಹೊರಡುವ ದಿನಕ್ಕೂ ಅಲ್ಲಿ ಜಾಗ ಕಾದಿರಿಸಿರುತ್ತಾರೆ. ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದ ನಾನು ಈ ಪುಸ್ತಕವನ್ನು ಎಷ್ಟೋ ಸಲ ತೆರೆದಿದ್ದೇನೆ, ಮುಚ್ಚಿದ್ದೇನೆ. ಆ ಖಾಲಿ ಮನೆಗಳಲ್ಲಿ ಒಂದು ವಿವೇಕವಿದೆ ಎಂಬುದು ಮಾತ್ರ ನನಗೆ ಬಹಳ ತಡವಾಗಿ ಹೊಳೆಯಿತು.

ಈಗ ನಿಮ್ಮ ಮುಂದಿಡಬೇಕೆಂದಿರುವ ವಿಷಯ ಶಾಲೆಯದಲ್ಲ. ದೇಹದ ಅಥವಾ ಬುದ್ಧಿಯ ನ್ಯೂನತೆಯುಳ್ಳವರಿಗೆ ನೆರವಾಗುವ ಸಂಸ್ಥೆಗಳು ನಮ್ಮಲ್ಲಿ ಹಲವಿವೆ. ಕೆಲವು ಹಗಲು ಹೊತ್ತಿನ ಕೇಂದ್ರಗಳು, ಕೆಲವು ವಸತಿ ನಿಲಯಗಳು. ಕೆಲವು ಕಡೆ ನಡೆಯಲು, ಮಾತನಾಡಲು ಅಭ್ಯಾಸ ಮಾಡಿಸುತ್ತಾರೆ, ಕೆಲವು ಕಡೆ ಕಸುಬು ಕಲಿಸುತ್ತಾರೆ. ಇಂತಹ ನೆರವು ಹೇಗೆ ಆರಂಭವಾಗಬೇಕು, ಹೇಗೆ ಮುಗಿಯಬೇಕು ಎಂಬುದಿಷ್ಟೇ ನನ್ನ ವಿಷಯ. ಸಣ್ಣ ವಿಷಯವೆಂದು ನಿಮಗೆ ತೋರಬಹುದು. ಆದರೆ 2011ರ ಜನಗಣತಿಯಂತೆ ನಮ್ಮ ರಾಜ್ಯವೊಂದರಲ್ಲೇ ಇಂತಹವರು 13 ಲಕ್ಷ 24 ಸಾವಿರ ಮಂದಿ ಇದ್ದರು. ಅವರಲ್ಲಿ ಯಾರಾದರೊಬ್ಬರು ನಿಮ್ಮ ಬೀದಿಯಲ್ಲಿರುತ್ತಾರೆ, ಇಲ್ಲವೆ ನಿಮ್ಮ ಮನೆಯಲ್ಲಿಯೇ ಇರುತ್ತಾರೆ.

ನಾನು ಈ ವಿಷಯದಲ್ಲಿ ತಜ್ಞನಲ್ಲ. ಒಂದು ತಪ್ಪು ಮಾಡಿ ಪಾಠ ಕಲಿತವನು. ಮೊದಲು ಆ ತಪ್ಪನ್ನು ಹೇಳಿಬಿಡುತ್ತೇನೆ.

2013ರಲ್ಲಿ ನಮ್ಮ ಪ್ರೌಢಶಾಲೆಯ ಎಂಟನೆಯ ತರಗತಿಗೆ ಒಬ್ಬ ಹುಡುಗ ಸೇರಿದ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲುಗಳು ಬಿಗಿದುಕೊಂಡಿದ್ದವು. ಮಾತು ಗಂಟಲಿನಲ್ಲೇ ತಡೆದು ನಿಲ್ಲುತ್ತಿತ್ತು. ಬುದ್ಧಿಗೆ ಮಾತ್ರ ಯಾವ ಕುಂದೂ ಇರಲಿಲ್ಲ. ನಾನು ಅವನಿಗಾಗಿ ಒಂದು ರಟ್ಟಿನ ಹಲಗೆ ಮಾಡಿದೆ. ಮೇಲಿನ ಸಾಲಿನಲ್ಲಿ ಸ್ವರಗಳು, ಅದರ ಕೆಳಗೆ ವರ್ಗೀಯ ವ್ಯಂಜನಗಳ ಐದು ಸಾಲು, ಆಮೇಲೆ ಅವರ್ಗೀಯ ವ್ಯಂಜನಗಳು. ತೀರ ಕೆಳಗೆ ಹೌದು, ಇಲ್ಲ, ನೀರು, ನೋವು, ಸಾಕು ಎಂಬ ಐದು ಮಾತುಗಳು. ಹುಡುಗ ಒಂದೊಂದೇ ಅಕ್ಷರವನ್ನು ಬೆರಳಿನಿಂದ ಮುಟ್ಟಿ ಮಾತನಾಡುತ್ತಿದ್ದ. ಒಂದು ವಾಕ್ಯಕ್ಕೆ ಹತ್ತು ನಿಮಿಷ ಹಿಡಿಯುತ್ತಿತ್ತು. ಮಹಾಪ್ರಾಣಗಳ ಗೊಡವೆಗೆ ಹೋಗುತ್ತಲೇ ಇರಲಿಲ್ಲ. ಎಲ್ಲವನ್ನೂ ಅಲ್ಪಪ್ರಾಣದಲ್ಲೇ ಸಾಗಿಸಿಬಿಡುತ್ತಿದ್ದ. ಪಂಡಿತನಾದ ನಾನು ಅದನ್ನು ತಿದ್ದಲು ಹೋಗಲಿಲ್ಲ.

ಮುಂದಿನ ವರ್ಷ ಒಂಬತ್ತನೆಯ ತರಗತಿ ಮಹಡಿಯ ಮೇಲೆ ಬಂತು. ತಂದೆ ದಿನವೂ ಅವನನ್ನು ಎತ್ತಿಕೊಂಡು ಹತ್ತಿ, ಒಂದು ತಿಂಗಳಿಗೆಲ್ಲ ಸೊಂಟ ಹಿಡಿದುಕೊಂಡು ಮಲಗಿದರು. ಆ ಒಂದು ತರಗತಿಯನ್ನು ಕೆಳಗಿನ ಕೊಠಡಿಗೆ ಇಳಿಸಬಹುದಾಗಿತ್ತು. ನಮ್ಮಲ್ಲಿ ಯಾರಿಗೂ ಅದು ತೋಚಲಿಲ್ಲ. ನನಗೂ ತೋಚಲಿಲ್ಲ. ಅದರ ಬದಲಾಗಿ ನಗರದಲ್ಲಿ ಇಂತಹ ಮಕ್ಕಳಿಗಾಗಿಯೇ ಇದ್ದ ಒಂದು ವಸತಿ ಸಂಸ್ಥೆಯ ಅರ್ಜಿಯನ್ನು ತರಿಸಿ ನಾನೇ ತುಂಬಿದೆ. ತಂದೆ ಸಹಿ ಹಾಕಿದರು. ಸಾಕ್ಷಿಯಾಗಿ ನಾನೂ ಸಹಿ ಹಾಕಿದೆ. ಹುಡುಗ ಪಕ್ಕದಲ್ಲಿಯೇ ಕುಳಿತಿದ್ದ. ಹಲಗೆ ಅವನ ತೊಡೆಯ ಮೇಲಿತ್ತು. ‘ನಿನಗೆ ಇಷ್ಟವೇನಪ್ಪಾ?’ ಎಂದು ನಾವಿಬ್ಬರೂ ಕೇಳಲಿಲ್ಲ. ಹೊರಡುವ ದಿನ ಹಲಗೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ದಾರದಿಂದ ಬಿಗಿಯಾಗಿ ಕಟ್ಟಿ, ಬಟ್ಟೆಯ ಚೀಲದ ಅಡಿಯಲ್ಲಿಟ್ಟೆ. ಮಳೆಗೆ ನೆನೆಯಬಾರದೆಂದು ನನ್ನ ಮುಂಜಾಗ್ರತೆ!

ಆ ವರ್ಷವೇ ನನಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. 2018ರಲ್ಲಿ ಹಳೆಯ ಊರಿಗೆ ಮರಳಿ ಬಂದ ಹೊಸದರಲ್ಲಿ ಹುಡುಗನ ತಾಯಿ ಒಂದು ಕಾಗದ ಹಿಡಿದು ಮನೆಗೆ ಬಂದರು. ‘ನೋಡಿ ಮೇಷ್ಟ್ರೇ, ಇದೇನು ಬರೆದಿದ್ದಾರೆ?’ ಎಂದರು. ಅದರಲ್ಲಿದ್ದುದು ಎರಡೇ ಸಾಲು. ಹುಡುಗನಿಗೆ ಹದಿನೆಂಟು ವರ್ಷ ತುಂಬಿರುವುದರಿಂದ ತಿಂಗಳ ಕೊನೆಯೊಳಗಾಗಿ ಅವನನ್ನು ಕರೆದುಕೊಂಡು ಹೋಗತಕ್ಕದ್ದು, ಅಷ್ಟೆ. ತಿಂಗಳು ಮುಗಿಯಲು ಉಳಿದಿದ್ದುದು ಒಂಬತ್ತು ದಿನ.

ತಂದೆ ಬಸ್ಸಿನಲ್ಲಿ ಹೋಗಿ ಮಗನನ್ನು ಕರೆತಂದರು. ಜೊತೆಯಲ್ಲಿ ಬಂದದ್ದು ಅದೇ ಬಟ್ಟೆಯ ಚೀಲ. ಯಾವ ವ್ಯಾಯಾಮ ಮಾಡಿಸುತ್ತಿದ್ದರು, ಏನು ಕಲಿಸಿದರು, ಯಾವ ಔಷಧಿ ಕೊಡುತ್ತಿದ್ದರು ಎಂಬ ಬಗ್ಗೆ ಒಂದು ಚೀಟಿಯೂ ಇರಲಿಲ್ಲ. ಚೀಲದ ಅಡಿಯಲ್ಲಿ ಪಂಚೆಯ ಗಂಟು ಇತ್ತು. ನಾಲ್ಕು ವರ್ಷದ ಹಿಂದೆ ನಾನು ಹಾಕಿದ ಗಂಟು ಹಾಗೆಯೇ ಇತ್ತು.

ಆ ಸಂಸ್ಥೆಯವರು ಕೆಟ್ಟವರೆಂದು ನಾನು ಹೇಳಲಾರೆ. ಹುಡುಗ ಹೊತ್ತಿಗೆ ಸರಿಯಾಗಿ ಉಂಡಿದ್ದ, ಶುಭ್ರವಾಗಿದ್ದ. ಆದರೆ ನಾನು ತುಂಬಿದ ಅರ್ಜಿಯಲ್ಲಿ ಅವನ ಎತ್ತರ, ತೂಕ, ಜಾತಿ, ವರಮಾನ ಎಲ್ಲವೂ ಇತ್ತು. ಈ ಹುಡುಗ ಹಲಗೆಯ ಮೇಲೆ ಮಾತನಾಡುತ್ತಾನೆ ಎಂಬ ಒಂದು ಸಾಲು ಇರಲಿಲ್ಲ. ಅರ್ಜಿಯಲ್ಲಿ ಅದಕ್ಕೆ ಮನೆ ಇರಲಿಲ್ಲ, ನಾನೂ ಬರೆಯಲಿಲ್ಲ. ಅವನಿಗೆ ಮಾತು ಬಾರದೆಂದು ಅವರು ತಿಳಿದುಕೊಂಡರು. ತಪ್ಪು ಮೊದಲಾದದ್ದು ನನ್ನ ಲೇಖನಿಯಿಂದ.

ಆದುದರಿಂದ ನೆರವಿನ ಆರಂಭ ಹೇಗಿರಬೇಕೆಂದು ಯಾರಾದರೂ ಕೇಳಿದರೆ ಈಗ ನಾನು ಹೇಳುವ ಮೊದಲ ಮಾತು ಇದು: ಕಾಗದದ ಮೊದಲನೆಯ ಸಾಲಿನಲ್ಲಿ ಈ ವ್ಯಕ್ತಿ ‘ಹೌದು’ ಎಂಬುದನ್ನು ಹೇಗೆ ಹೇಳುತ್ತಾನೆ, ‘ಇಲ್ಲ’ ಎಂಬುದನ್ನು ಹೇಗೆ ಹೇಳುತ್ತಾನೆ ಎಂದು ಬರೆಯಿರಿ. ಕೆಲವರು ಕಣ್ಣು ಮುಚ್ಚಿ ಹೇಳುತ್ತಾರೆ, ಕೆಲವರು ಮುಖ ತಿರುಗಿಸಿ ಹೇಳುತ್ತಾರೆ, ಕೆಲವರು ಕೈಸನ್ನೆಯಲ್ಲಿ ಹೇಳುತ್ತಾರೆ. ಅದು ತಾಯಿಗೆ ಗೊತ್ತಿರುತ್ತದೆ, ಹೊಸಬರಿಗೆ ಗೊತ್ತಿರುವುದಿಲ್ಲ. ಅದನ್ನು ಬರೆದ ಮೇಲೆ, ಅದೇ ರೀತಿಯಲ್ಲಿ ಆ ವ್ಯಕ್ತಿಯನ್ನು ಕೇಳಿ. ಒಪ್ಪಿಗೆ ಅವನದಾಗಬೇಕು.

ಉಳಿದ ಕ್ರಮಗಳನ್ನು ಒಂದೊಂದಾಗಿ ಹೇಳುತ್ತೇನೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರು ಇರುತ್ತಾರೆ. ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಮೊದಲು ಅವರನ್ನು ಕಾಣಿರಿ. ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರಕ್ಕೂ, ದೇಶದಾದ್ಯಂತ ನಡೆಯುವ ಯು.ಡಿ.ಐ.ಡಿ. ಗುರುತಿನ ಚೀಟಿಗೂ ಅರ್ಜಿ ಹಾಕುವ ಬಗೆಯನ್ನು ಅವರು ತಿಳಿಸುತ್ತಾರೆ. ನ್ಯೂನತೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಿತವಾದರೆ ಅನೇಕ ಸೌಲಭ್ಯಗಳು ದೊರೆಯುತ್ತವೆ.

ಎರಡನೆಯದು, ಸೇರಬೇಕೆಂದಿರುವ ಸಂಸ್ಥೆಯನ್ನು ಮೊದಲು ಹೋಗಿ ನೋಡಿರಿ. ಆ ವ್ಯಕ್ತಿಯನ್ನೂ ಕರೆದುಕೊಂಡೇ ಹೋಗಿ. ವಿಕಲಚೇತನರ ಹಕ್ಕುಗಳ ಕಾಯಿದೆ 2016ರಲ್ಲಿ ಆಯಿತು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಿಂದಿನ 1995ರ ಕಾಯಿದೆ ಏಳು ಬಗೆಯ ನ್ಯೂನತೆಗಳನ್ನು ಹೇಳುತ್ತಿತ್ತು. ಇದು ಇಪ್ಪತ್ತೊಂದನ್ನು ಹೇಳುತ್ತದೆ. ಇಂತಹ ಸಂಸ್ಥೆ ನಡೆಸುವವರು ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು, ಆ ಪತ್ರವನ್ನು ಎದ್ದು ಕಾಣುವ ಸ್ಥಳದಲ್ಲಿ ಹಾಕಿರಬೇಕು ಎಂಬುದು ಈ ಕಾಯಿದೆಯ ನಿಯಮ. ಗೋಡೆಯ ಮೇಲೆ ಅದು ಕಾಣದಿದ್ದರೆ ಸಂಕೋಚವಿಲ್ಲದೆ ಕೇಳಿ. ಹೆಣ್ಣು ಕೊಡುವಾಗ ಮನೆತನ ವಿಚಾರಿಸುವ ನಾವು ಇಲ್ಲಿ ನಾಚಬೇಕಾಗಿಲ್ಲ.

ಮೂರನೆಯದು, ಏನು ಮಾಡುತ್ತಾರೆ, ಎಷ್ಟು ಕಾಲ ಮಾಡುತ್ತಾರೆ, ಶುಲ್ಕವೆಷ್ಟು, ದೂರು ಹೇಳಬೇಕಾದರೆ ಯಾರಿಗೆ, ಅವನ ಆರೋಗ್ಯದ ವಿವರವನ್ನು ಯಾರು ಯಾರು ನೋಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮೂರು ತಿಂಗಳ ಅಥವಾ ಆರು ತಿಂಗಳ ಗುರಿ ಇರಲಿ. ‘ಚೆನ್ನಾಗಿ ನೋಡಿಕೊಳ್ಳುತ್ತೇವೆ’ ಎಂಬುದು ಒಳ್ಳೆಯ ಮಾತು, ಆದರೆ ಗುರಿಯಲ್ಲ. ‘ಆರು ತಿಂಗಳೊಳಗೆ ತಾನೇ ಚಮಚ ಹಿಡಿದು ಉಣ್ಣುವಂತೆ ಅಭ್ಯಾಸ ಮಾಡಿಸುತ್ತೇವೆ’ ಎಂಬುದು ಗುರಿ. ಗುರಿಯೇ ಇಲ್ಲದಿದ್ದರೆ ಅದು ಮುಟ್ಟಿತೋ ಇಲ್ಲವೋ ತಿಳಿಯುವುದೆಂತು? ಅದು ತಿಳಿಯದಿದ್ದರೆ ನೆರವು ಸಾಕೋ ಇನ್ನೂ ಬೇಕೋ ಎಂದು ನಿರ್ಧರಿಸುವುದೆಂತು?

ಇಲ್ಲಿಂದ ಮುಗಿಯುವ ಮಾತಿಗೆ ಬರುತ್ತೇನೆ. ಕನ್ನಡದಲ್ಲಿ ‘ಬೀಳ್ಕೊಡು’ ಎಂದೊಂದು ಕ್ರಿಯಾಪದವಿದೆ, ‘ಬೀಳ್ಕೊಳ್ಳು’ ಎಂದು ಇನ್ನೊಂದಿದೆ. ಕಳುಹಿಸುವವರು ಬೀಳ್ಕೊಡುತ್ತಾರೆ, ಹೊರಡುವವರು ಬೀಳ್ಕೊಳ್ಳುತ್ತಾರೆ. ಒಂದು ಅಗಲಿಕೆಗೆ ಎರಡು ಮಾತು, ಏಕೆಂದರೆ ಅದರಲ್ಲಿ ಇಬ್ಬರು ಕರ್ತೃಗಳು. ನೆರವಿನ ಸಂಸ್ಥೆಗಳಲ್ಲಿ ಮೊದಲನೆಯದೂ ಅಪರೂಪ, ಎರಡನೆಯದಂತೂ ಇಲ್ಲವೆಂದೇ ಹೇಳಬೇಕು. ನೆರವು ಪಡೆಯುವವನು ತಾನೇ ‘ನನಗೆ ಸಾಕು, ಹೊರಡುತ್ತೇನೆ’ ಎನ್ನಬಹುದೆಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ. ಹಾಗೆಂದರೆ ಕೃತಘ್ನನೆಂದು ಬೈಯುವವರೂ ಉಂಟು. ಆದರೆ ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ, ಎಲ್ಲಿ ಯಾರೊಡನೆ ಬಾಳಬೇಕೆಂದು ಆರಿಸಿಕೊಳ್ಳುವ ಅವಕಾಶ ಇವರಿಗೂ ಇತರರಂತೆಯೇ ಇರಬೇಕೆಂದು ಹೇಳಿದೆ. 2016ರ ಕಾಯಿದೆಯೂ ಅದೇ ದಾರಿಯಲ್ಲಿ ನಡೆದಿದೆ.

ನೆರವು ಮುಗಿಯುವುದಕ್ಕೆ ಕಾರಣಗಳು ಹಲವು. ಗುರಿ ಮುಟ್ಟಿ ಮುಗಿಯುವುದು ಒಂದು. ಇದು ಸಂತೋಷದ ಮುಕ್ತಾಯ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಮಕ್ಕಳ ಜೊತೆಗೆ ತಂದೆತಾಯಿಗಳಿಗೂ ತರಬೇತಿ ಕೊಡುತ್ತಾರೆ. ಕಲಿತದ್ದನ್ನು ಮನೆಯಲ್ಲಿ ಮುಂದುವರಿಸಬಹುದಲ್ಲವೆ? ಹೀಗೆ ಕಲಿಸುವವರು ಮೊದಲ ದಿನದಿಂದಲೇ ಬೀಳ್ಕೊಡುಗೆಯ ಸಿದ್ಧತೆ ಮಾಡುತ್ತಿರುತ್ತಾರೆ.

ಮನೆಯವರು ಬೇರೆ ಊರಿಗೆ ಹೋದುದರಿಂದ ಮುಗಿಯುವುದು ಇನ್ನೊಂದು. ಆಗ ಇಲ್ಲಿಯ ವಿವರವೆಲ್ಲ ಅಲ್ಲಿಗೆ ತಲುಪಬೇಕು. ಮನಸ್ಸಿನ ಕಾಯಿಲೆಯವರ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಕಾಯಿದೆ ಇದನ್ನು ವೈದ್ಯರ ಕರ್ತವ್ಯವನ್ನಾಗಿಯೇ ಮಾಡಿದೆ. ಬಿಡುಗಡೆಯ ಮುಂಚೆ ರೋಗಿಯೊಡನೆಯೂ, ಮುಂದೆ ಅವರನ್ನು ನೋಡಿಕೊಳ್ಳುವವರೊಡನೆಯೂ ಕುಳಿತು ಮುಂದಿನ ಚಿಕಿತ್ಸೆಯನ್ನು ಯೋಜಿಸಬೇಕು. ಕಾಯಿದೆ ಹೇಳಲಿ ಹೇಳದಿರಲಿ, ಒಳ್ಳೆಯ ಸಂಸ್ಥೆ ಎಲ್ಲರ ವಿಷಯದಲ್ಲೂ ಹೀಗೆಯೇ ಮಾಡುತ್ತದೆ.

ಮನಸ್ತಾಪದಿಂದ ಮುಗಿಯುವುದು ಮತ್ತೊಂದು. ಇಲ್ಲಿ ಎರಡು ಮಾತು ನೆನಪಿಡಿ. ದೂರು ಹೇಳಿದ್ದಕ್ಕಾಗಿ ಯಾರನ್ನೂ ಹೊರಗೆ ಹಾಕುವುದು ನ್ಯಾಯವಲ್ಲ. ಹಾಗಾದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ಅಹವಾಲು ಸಲ್ಲಿಸಬಹುದು. ಸಂಸ್ಥೆಯ ಕೈಯಲ್ಲಿ ನಿಜವಾಗಿಯೂ ಆಗದಿದ್ದರೆ ‘ನಮ್ಮಿಂದಾಗದು’ ಎಂದು ಹೇಳುವುದು ತಪ್ಪಲ್ಲ. ಆದರೆ ಕಾರಣವನ್ನು ಬರೆದುಕೊಡಬೇಕು, ಮುಂಚಿತವಾಗಿ ತಿಳಿಸಬೇಕು, ಬೇರೊಂದು ದಾರಿ ತೋರಿಸಬೇಕು.

ಕೊನೆಯದು ನಮ್ಮ ಹುಡುಗನಿಗಾದದ್ದು, ವಯಸ್ಸು ತುಂಬಿ ಮುಗಿಯುವುದು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಹದಿನೆಂಟು ವರ್ಷದವರೆಗೆ ಇದೆ. ಮಕ್ಕಳಿಗಾಗಿ ಇರುವ ಹಲವು ಸಂಸ್ಥೆಗಳ ಬಾಗಿಲೂ ಆ ದಿನವೇ ಮುಚ್ಚುತ್ತದೆ. ಆದರೆ ಈ ಹುಟ್ಟುಹಬ್ಬ ಆಕಸ್ಮಿಕವಾಗಿ ಬರುವಂತಹುದಲ್ಲ. ಸೇರಿದ ದಿನವೇ ಅದರ ತಾರೀಖು ಎಲ್ಲರಿಗೂ ಗೊತ್ತಿರುತ್ತದೆ. ಎರಡು ವರ್ಷ ಮೊದಲೇ ಮುಂದೇನೆಂದು ಮಾತನಾಡಲು ಅಡ್ಡಿ ಏನು?

ಹದಿನೆಂಟು ತುಂಬಿತೆಂದರೆ ಇನ್ನೊಂದು ಪ್ರಶ್ನೆಯೂ ಬರುತ್ತದೆ. ಆ ದಿನದಿಂದ ಅವನು ಕಾನೂನಿನ ಕಣ್ಣಿನಲ್ಲಿ ವಯಸ್ಕ. ತಂದೆತಾಯಿಗಳ ಸಹಿ ಅವನ ಸಹಿಯಾಗುವುದಿಲ್ಲ. ಸ್ವಲೀನತೆ, ಮಿದುಳಿನ ಪಾರ್ಶ್ವವಾಯು, ಬುದ್ಧಿಯ ನ್ಯೂನತೆ, ಬಹುವಿಧ ನ್ಯೂನತೆ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಪೋಷಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿ ಅದನ್ನು ಮಾಡುತ್ತದೆ. ಪೋಷಕರು ಅಲಕ್ಷ್ಯ ಮಾಡಿದರೆ ಅವರನ್ನು ತೆಗೆಯುವ ಅಧಿಕಾರವೂ ಅದಕ್ಕಿದೆ. ಆದರೆ ಎಲ್ಲರಿಗೂ ಪೋಷಕರು ಬೇಕೆಂದಿಲ್ಲ. ತನ್ನ ಇಷ್ಟವನ್ನು ಹಲಗೆಯ ಮೇಲೆ ಬರೆದು ತೋರಿಸಬಲ್ಲವನಿಗೆ ಬೇಕಾದದ್ದು ಹಲಗೆ ಹಿಡಿಯುವ ಕೈ ಮತ್ತು ಹತ್ತು ನಿಮಿಷದ ತಾಳ್ಮೆ.

ನಮ್ಮ ಹುಡುಗ ಮನೆಗೆ ಬಂದ ವಾರ ನಾನು ಆ ಗಂಟನ್ನು ಬಿಚ್ಚಿದೆ. ಹಲಗೆಯನ್ನು ಅವನ ಮುಂದಿಟ್ಟೆ. ಬೈಗುಳ ಬರಬಹುದೆಂದು ಕಾದೆ. ಅವನು ಬಹಳ ಹೊತ್ತು ಅಕ್ಷರಗಳನ್ನು ಹುಡುಕಿ ‘ಹಲಗೆ ಚಿಕ್ಕದು’ ಎಂದು ತೋರಿಸಿದ. ಕೈ ಮೊದಲಿಗಿಂತ ಹೆಚ್ಚು ನಡುಗುತ್ತಿತ್ತು, ಅಕ್ಷರಗಳು ದೊಡ್ಡದಾಗಬೇಕಾಗಿತ್ತು. ಅವನು ಕೇಳಿದ್ದು ಅಷ್ಟೆ. ಅಂದು ರಾತ್ರಿಯೇ ಕುಳಿತು ದೊಡ್ಡ ಹಲಗೆ ಬರೆದೆ.

ಆಮೇಲೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ ಬಂದರು. ಅವರ ಜೊತೆ ಎರಡು ಹಗಲು ಕೇಂದ್ರಗಳನ್ನು ನೋಡಿದೆವು. ಮೊದಲನೆಯದನ್ನು ನೋಡಿ ಹುಡುಗ ‘ಇಲ್ಲ’ ಎಂದ. ಕಾರಣ ಕೇಳಿದರೆ ‘ಗದ್ದಲ’ ಎಂದ. ತಂದೆಗೆ ಬೇಸರವಾಯಿತು, ಅದು ಮನೆಗೆ ಹತ್ತಿರವಿತ್ತು. ಎರಡನೆಯ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಅಲ್ಲಿಯ ಮೇಲ್ವಿಚಾರಕಿ ತಂದೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಅವನ ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತು, ‘ನಿಮಗೆ ಇಲ್ಲಿ ಬೇಡವೆನ್ನಿಸಿದರೆ ನಮಗೆ ಹೇಗೆ ತಿಳಿಸುತ್ತೀರಿ?’ ಎಂದು ಕೇಳಿದರು. ಸೇರುವ ಮೊದಲೇ ಬಿಡುವ ಬಗೆ ಕೇಳಿದವರನ್ನು ನಾನು ಕಂಡದ್ದು ಅದೇ ಮೊದಲು. ಹುಡುಗ ನನ್ನ ಹಲಗೆಯ ಮೇಲಿನ ‘ಸಾಕು’ ಎಂಬ ಮಾತನ್ನು ಮುಟ್ಟಿ ತೋರಿಸಿದ. ಆಕೆ ಅದನ್ನು ಬರೆದುಕೊಂಡರು. ಒಂದು ತಿಂಗಳು ನೋಡೋಣವೆಂದು ಒಪ್ಪಂದವಾಯಿತು. ಅರ್ಜಿಗೆ ಅವನೇ ಹೆಬ್ಬೆಟ್ಟು ಒತ್ತಿದ.

ಮೂರು ವರ್ಷಕ್ಕೂ ಮೇಲೆ ಅಲ್ಲಿದ್ದ. 2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ಬಾಗಿಲು ಮುಚ್ಚಿದಾಗಲೂ ವಾರಕ್ಕೊಮ್ಮೆ ಅಲ್ಲಿಂದ ಫೋನು ಬರುತ್ತಿತ್ತು. ಬಾಗಿಲು ಮುಚ್ಚುವುದು ಬೇರೆ, ಕೈಬಿಡುವುದು ಬೇರೆ. 2022ರಲ್ಲಿ ಊರಿನ ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡುವ ಕೆಲಸ ಸಿಕ್ಕಿತು. ಮೂರು ತಿಂಗಳು ಮೊದಲೇ ಕೇಂದ್ರದವರು ಸಿದ್ಧತೆ ಆರಂಭಿಸಿದರು. ಮೊದಲು ವಾರಕ್ಕೆ ಎರಡು ದಿನ ಅಂಗಡಿ, ಆಮೇಲೆ ನಾಲ್ಕು ದಿನ. ಕೇಂದ್ರದ ದಿನಗಳು ಹಾಗೆಯೇ ಇಳಿಯುತ್ತ ಬಂದವು. ಕೊನೆಯ ದಿನ ಒಂದು ಕಡತ ಕೊಟ್ಟರು. ಮಾಡಬೇಕಾದ ವ್ಯಾಯಾಮ, ಕುರ್ಚಿಯ ಅಳತೆ, ಔಷಧಿ, ತುರ್ತಿಗೆ ಯಾರನ್ನು ಕರೆಯಬೇಕು, ಎಲ್ಲವೂ ಅದರಲ್ಲಿತ್ತು. ಕೆಲಸ ಒಗ್ಗದಿದ್ದರೆ ಆರು ತಿಂಗಳೊಳಗೆ ಹೊಸ ಅರ್ಜಿ ಇಲ್ಲದೆ ಮರಳಿ ಬರಬಹುದೆಂದು ಬರೆದಿತ್ತು. ಹೋಗಿಬರುವವನಿಗೆ ‘ಹೋಗಿ ಬಾ’ ಎನ್ನುವುದು ನಮ್ಮಲ್ಲಿ ವಾಡಿಕೆಯಷ್ಟೆ? ‘ಬಾ’ ಎಂಬುದನ್ನು ಕಾಗದದಲ್ಲಿ ಬರೆದುಕೊಟ್ಟವರು ಇವರು. ಕೊನೆಗೆ, ನಮ್ಮಿಂದ ಏನು ತಪ್ಪಾಯಿತು ಹೇಳಿ ಎಂದು ಅವನನ್ನೇ ಕೇಳಿದರು. ‘ಕಾಪಿ ತಣ್ಣಗೆ’ ಎಂದು ತೋರಿಸಿದ. ಎಲ್ಲರೂ ನಕ್ಕರು. ಅದನ್ನೂ ಬರೆದುಕೊಂಡರು.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಇಂತಹವರೊಬ್ಬರಿಗೆ ಅರ್ಜಿ ತುಂಬಿಕೊಡುವ ಸಂದರ್ಭ ಬಂದೀತು. ಓದುಬರಹ ಬಲ್ಲವರೆಂದು ನಿಮ್ಮನ್ನೇ ಕೇಳುತ್ತಾರೆ. ಆಗ ಲೇಖನಿಯನ್ನು ಎತ್ತುವ ಮೊದಲು ಅವರ ಮುಖ ನೋಡಿ, ಇಷ್ಟವೇ ಎಂದು ಕೇಳಿ. ಉತ್ತರಕ್ಕೆ ಹತ್ತು ನಿಮಿಷ ಹಿಡಿದರೆ ಹತ್ತು ನಿಮಿಷ ಕಾಯಿರಿ. ಆಮೇಲೆ ಬರೆಯಿರಿ.

ಕಳೆದ ತಿಂಗಳು ಪ್ರಶ್ನೆಪತ್ರಿಕೆ ಟೈಪು ಮಾಡಿಸಲು ಆ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಟೈಪು ಮಾಡಿಕೊಟ್ಟ. ಮನೆಗೆ ತಂದು ತಿದ್ದಲು ಕುಳಿತರೆ ಮಹಾಪ್ರಾಣಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿಯೇ ಇದ್ದವು.